ವೈದ್ಯಕೀಯ ವೃತ್ತಿಯಲ್ಲಿ ಸಾಮಾಜಿಕ ಜಾಲತಾಣಗಳ ಬಳಕೆ

ವೈದ್ಯಕೀಯ ವೃತ್ತಿಯಲ್ಲಿ ಸಾಮಾಜಿಕ ಜಾಲತಾಣಗಳ ಬಳಕೆ ಎಂಬುದು ವೈದ್ಯರು, ದಾದಿಯರು, ವೈದ್ಯಕೀಯ ವಿದ್ಯಾರ್ಥಿಗಳು ಹಾಗೂ ಇತರ ಆರೋಗ್ಯ ಸಿಬ್ಬಂದಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಎಕ್ಸ್, ವಾಟ್ಸಾಪ್ ಮೊದಲಾದ ವೇದಿಕೆಗಳನ್ನು ಬಳಸುವಾಗ ಪಾಲಿಸಬೇಕಾದ ಕಾನೂನು, ವೃತ್ತಿಧರ್ಮ ಮತ್ತು ತಾಂತ್ರಿಕ ಎಚ್ಚರಿಕೆಗಳಿಗೆ ಸಂಬಂಧಿಸಿದ ವಿಷಯವಾಗಿದೆ. ರೋಗಿಯ ಗೋಪ್ಯತೆಯ ರಕ್ಷಣೆ, ಸರಿಯಾದ ಆರೋಗ್ಯ ಮಾಹಿತಿಯ ಪ್ರಸಾರ, ಜಾಹೀರಾತಿನ ಮಿತಿ, ವೈದ್ಯರ ಹೆಸರು ಮತ್ತು ಖಾತೆಗಳ ದುರ್ಬಳಕೆ, ವೈದ್ಯರ ಸ್ವಂತ ಬದುಕು ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಇದರ ಮುಖ್ಯ ಅಂಗಗಳು. ಭಾರತದಲ್ಲಿ ಈ ವಿಷಯಕ್ಕೆ ಒಂದೇ ಪ್ರತ್ಯೇಕ ಕಾನೂನಿಲ್ಲ. 2002ರ ವೈದ್ಯಕೀಯ ನೀತಿ ನಿಯಮಗಳು, 2020ರ ಟೆಲಿಮೆಡಿಸಿನ್ ಮಾರ್ಗಸೂಚಿ, 2023ರ ದತ್ತಾಂಶ ರಕ್ಷಣಾ ಕಾಯ್ದೆ ಮತ್ತು ಇನ್ನೂ ಕೆಲವು ಕಾಯ್ದೆಗಳು ಸೇರಿ ಇದನ್ನು ನಿಯಂತ್ರಿಸುತ್ತವೆ.

ಹಿನ್ನೆಲೆ

ರೋಗಿ ಹೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮ ವೈದ್ಯ ವೃತ್ತಿಯಷ್ಟೇ ಹಳೆಯದು. ಪ್ರಾಚೀನ ಗ್ರೀಸ್‌ನ ಹಿಪ್ಪೊಕ್ರಾಟಿಸ್‌ನ ಹೆಸರಿನಲ್ಲಿರುವ ಪ್ರತಿಜ್ಞೆಯಲ್ಲಿ ಈ ಮಾತಿದೆ. ಇದರ ಹಿಂದಿರುವುದು ಕೇವಲ ಸೌಜನ್ಯವಲ್ಲ, ಚಿಕಿತ್ಸೆಯ ಅಗತ್ಯ. ತಾನು ಹೇಳಿದ್ದು ಊರಿಗೆಲ್ಲ ತಿಳಿಯುತ್ತದೆಂಬ ಅಂಜಿಕೆ ಇರುವ ರೋಗಿಯು ಕುಡಿತವನ್ನಾಗಲಿ, ಲೈಂಗಿಕ ರೋಗವನ್ನಾಗಲಿ, ಆತ್ಮಹತ್ಯೆಯ ಯೋಚನೆಯನ್ನಾಗಲಿ ವೈದ್ಯರ ಮುಂದೆ ಬಿಚ್ಚಿಡುವುದಿಲ್ಲ. ಮುಚ್ಚಿಟ್ಟ ಲಕ್ಷಣ ತಪ್ಪು ರೋಗನಿರ್ಣಯಕ್ಕೆ ದಾರಿಯಾಗುತ್ತದೆ. ಹೀಗಾಗಿ ಗೋಪ್ಯತೆ ಮುರಿದರೆ ಹಾನಿಯಾಗುವುದು ಆ ಒಬ್ಬ ರೋಗಿಗೆ ಮಾತ್ರವಲ್ಲ. ಅದನ್ನು ನೋಡಿದ ಇತರರೂ ಆಸ್ಪತ್ರೆಯಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾರೆ.

ವೈದ್ಯರು ಸಾರ್ವಜನಿಕರಿಗಾಗಿ ಬರೆಯುವುದು, ಮಾತನಾಡುವುದು ಕನ್ನಡದಲ್ಲಿ ಹೊಸದಲ್ಲ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರು 'ತಾಯಿ ಮಗು' ಮೊದಲಾದ ಪುಸ್ತಕಗಳ ಮೂಲಕ ಗರ್ಭಿಣಿಯರ ಮತ್ತು ಶಿಶುಗಳ ಆರೈಕೆಯನ್ನು ಸರಳ ಕನ್ನಡದಲ್ಲಿ ವಿವರಿಸಿದರು. 'ರಾಶಿ' ಎಂಬ ಕಾವ್ಯನಾಮದ ಡಾ. ಎಂ. ಶಿವರಾಂ, ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್, ದೂರದರ್ಶನ ಚಂದನ ವಾಹಿನಿಯ ಮೂಲಕ ಮನೆಮಾತಾದ ಡಾ. ನಾ. ಸೋಮೇಶ್ವರ ಮೊದಲಾದ ವೈದ್ಯ ಲೇಖಕರ ದೊಡ್ಡ ಪರಂಪರೆಯೇ ಇದೆ. ಪುಸ್ತಕ, ಪತ್ರಿಕೆ ಮತ್ತು ಆಕಾಶವಾಣಿಯಲ್ಲಿ ವೈದ್ಯರ ಮಾತು ಸಂಪಾದಕರ ಕೈ ದಾಟಿ ಓದುಗರನ್ನು ತಲುಪುತ್ತಿತ್ತು. ಸಾಮಾಜಿಕ ಜಾಲತಾಣದಲ್ಲಿ ಆ ನಡುವಿನ ತಡೆಯಿಲ್ಲ. ಬರೆದದ್ದು ಆ ಕ್ಷಣವೇ ಪ್ರಕಟವಾಗುತ್ತದೆ, ಬೇರೆಯವರು ಅದನ್ನು ನಕಲಿಸಿ ಹಂಚಬಲ್ಲರು, ಬರೆದವರು ಅಳಿಸಿದರೂ ನಕಲುಗಳು ಉಳಿಯುತ್ತವೆ. ಮಾತು ಆಡಿದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಬೊಮ್ಮಸಂದ್ರದ ಸಂದರ್ಭ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರವು ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮುಂದೆ ಇರುವ ಕೈಗಾರಿಕಾ ಪ್ರದೇಶ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಪ್ರಸಾದ್ ಶೆಟ್ಟಿ ಅವರು ಸ್ಥಾಪಿಸಿದ ನಾರಾಯಣ ಹೃದಯಾಲಯ ಮತ್ತು ಅದರ ಆವರಣದಲ್ಲಿರುವ ಮಜುಂದಾರ್ ಶಾ ವೈದ್ಯಕೀಯ ಕೇಂದ್ರದಿಂದಾಗಿ ಈ ಊರು ದೇಶದ ಹಲವು ಭಾಗಗಳ ರೋಗಿಗಳಿಗೆ ಪರಿಚಿತವಾಗಿದೆ. ಸಾಮಾಜಿಕ ಜಾಲತಾಣ ಮತ್ತು ವೈದ್ಯ ವೃತ್ತಿಯ ಸಂಬಂಧವನ್ನು ಅರಿಯಲು ಈ ಸ್ಥಳ ಮೂರು ಕಾರಣಗಳಿಂದ ಮುಖ್ಯ.

ಮೊದಲನೆಯದು, ದೂರ ವೈದ್ಯಕೀಯದ ಇತಿಹಾಸ. 2000ದ ದಶಕದ ಆರಂಭದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೊಮ್ಮಸಂದ್ರದ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಲಾಯಿತು. ಅಲ್ಲಿ ರೋಗಿಯ ಮಾಹಿತಿ ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಮಾತ್ರ ಸಾಗುತ್ತಿತ್ತು. ಇಂದು ಅದೇ ಇಸಿಜಿ ಪಟ್ಟಿಯ ಚಿತ್ರ ಕಿಸೆಯ ಮೊಬೈಲಿನಿಂದ ನೂರು ಜನರ ಗುಂಪಿಗೆ ಹೋಗಬಲ್ಲದು. ಸಾಗುವ ದೂರ ಒಂದೇ ಆದರೂ ಕಾವಲು ಒಂದೇ ಅಲ್ಲ.

ಎರಡನೆಯದು, ಸುತ್ತಲಿನ ಜನಜೀವನ. ಬೊಮ್ಮಸಂದ್ರ, ಜಿಗಣಿ ಮತ್ತು ಅತ್ತಿಬೆಲೆ ಕಡೆಯ ಕಾರ್ಖಾನೆಗಳಲ್ಲಿ ಹೊರರಾಜ್ಯಗಳಿಂದ ಬಂದ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗುತ್ತಿಗೆ ಕಾರ್ಮಿಕನೊಬ್ಬನ ಕ್ಷಯರೋಗ ಅಥವಾ ಎಚ್‌ಐವಿ ವರದಿಯು ವಾಟ್ಸಾಪ್ ಮೂಲಕ ಗುತ್ತಿಗೆದಾರನಿಗೋ ಕಾರ್ಖಾನೆಯ ಸಿಬ್ಬಂದಿಗೋ ತಲುಪಿದರೆ, ಆತ ಕೆಲಸವನ್ನೂ ಬಾಡಿಗೆ ಕೋಣೆಯನ್ನೂ ಕಳೆದುಕೊಳ್ಳುವ ಸಾಧ್ಯತೆ ಇರುತ್ತದೆ. ಕನ್ನಡವಾಗಲಿ ಇಂಗ್ಲಿಷಾಗಲಿ ಓದಲು ಬಾರದ ರೋಗಿಯಿಂದ ಸಮ್ಮತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಅದು ನಿಜವಾದ ಸಮ್ಮತಿ ಆಗುವುದಿಲ್ಲ.

ಮೂರನೆಯದು, ವೈದ್ಯರ ಹೆಸರಿನ ದುರ್ಬಳಕೆ. ಡಾ. ದೇವಿ ಶೆಟ್ಟಿ ಅವರ ಹೆಸರು ಮತ್ತು ಚಿತ್ರವನ್ನು ಬಳಸಿದ ನಕಲಿ ವೀಡಿಯೊಗಳ ವಿಚಾರ 2024ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಇದರ ವಿವರವನ್ನು ಮುಂದೆ ನೀಡಲಾಗಿದೆ.

ಗುರುತು ಬಯಲಾಗುವ ಬಗೆ

ಹೆಸರು ಹಾಕದಿದ್ದರೆ ರೋಗಿಯ ಗುರುತು ಗೊತ್ತಾಗುವುದಿಲ್ಲ ಎಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ವಯಸ್ಸು, ಊರು, ಉದ್ಯೋಗ, ದಾಖಲಾದ ದಿನ, ರೋಗ ಇವು ಬಿಡಿಬಿಡಿಯಾಗಿ ಏನನ್ನೂ ಹೇಳದಿದ್ದರೂ ಒಟ್ಟಾಗಿ ಒಬ್ಬ ವ್ಯಕ್ತಿಯನ್ನು ಬೊಟ್ಟು ಮಾಡಿ ತೋರಿಸುತ್ತವೆ. ಸಣ್ಣ ಊರಿನಲ್ಲಿ ಹೀಗಾಗುವುದು ಇನ್ನೂ ಸುಲಭ.

2020ರ ಕೋವಿಡ್ ಕಾಲದಲ್ಲಿ ಕರ್ನಾಟಕದ ಜನರು ಇದನ್ನು ಕಣ್ಣಾರೆ ಕಂಡರು. ಆರೋಗ್ಯ ಇಲಾಖೆಯ ಪ್ರಕಟಣೆಗಳಲ್ಲಿ ಸೋಂಕಿತರ ಹೆಸರು ಇರುತ್ತಿರಲಿಲ್ಲ. ಪಿ-1, ಪಿ-2 ಎಂಬಂತೆ ಸಂಖ್ಯೆಗಳಿರುತ್ತಿದ್ದವು. ಆದರೆ ಅದರ ಪಕ್ಕದಲ್ಲಿ ವಯಸ್ಸು, ಲಿಂಗ, ಊರು, ಪ್ರಯಾಣದ ವಿವರ, ಯಾರ ಸಂಪರ್ಕ ಎಂಬುದು ಇರುತ್ತಿದ್ದುದರಿಂದ ಊರಿನವರು ಆ ಸಂಖ್ಯೆ ಯಾರದೆಂದು ಬೇಗ ಊಹಿಸುತ್ತಿದ್ದರು. ಉಳಿದ ಕೆಲಸವನ್ನು ವಾಟ್ಸಾಪ್ ಗುಂಪುಗಳು ಪೂರೈಸುತ್ತಿದ್ದವು. ಅದೇ ವರ್ಷದ ಮಾರ್ಚ್‌ನಲ್ಲಿ ಮನೆಯಲ್ಲೇ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಪ್ರಕಟಿಸಿದ್ದು ಗೋಪ್ಯತೆಯ ಕುರಿತು ಚರ್ಚೆಗೆ ಕಾರಣವಾಯಿತು.

ಚಿತ್ರಗಳಿಂದ ಗುರುತು ಬಯಲಾಗುವ ದಾರಿಗಳು ಹಲವು. ಮುಖ ಮರೆಸಿದರೂ ಹಚ್ಚೆ, ಮಚ್ಚೆ, ಒಡವೆ, ಹಳೆಯ ಗಾಯದ ಗುರುತು ಉಳಿಯುತ್ತವೆ. ಹಿನ್ನೆಲೆಯಲ್ಲಿ ಹಾಸಿಗೆ ಸಂಖ್ಯೆ, ಕೇಸ್ ಶೀಟ್, ಗೋಡೆಯ ಹಲಗೆಯ ಮೇಲಿನ ಹೆಸರು ಕಾಣಿಸಬಹುದು. ಎಕ್ಸ್‌ರೇ ಮತ್ತು ಸ್ಕ್ಯಾನ್ ಚಿತ್ರಗಳ ಮೂಲೆಯಲ್ಲಿ ರೋಗಿಯ ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ ಮುದ್ರಿತವಾಗಿರುತ್ತವೆ. ಸ್ಕ್ಯಾನ್ ಯಂತ್ರಗಳು ಬಳಸುವ ಡೈಕಾಂ ಮಾದರಿಯ ಕಡತದಲ್ಲಿ ಚಿತ್ರದ ಜೊತೆಗೇ ಈ ವಿವರಗಳು ಅಡಗಿರುತ್ತವೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಸಮಯ ಹಾಗೂ ಸ್ಥಳದ ಮಾಹಿತಿ ಸೇರಿಕೊಂಡಿರುವುದುಂಟು. ಇವೆಲ್ಲವನ್ನೂ ತೆಗೆದುಹಾಕಿದರೂ, "ಇಂದು ಬೆಳಿಗ್ಗೆ ಬಂದ ಅಪರೂಪದ ಪ್ರಕರಣ" ಎಂಬ ಒಂದು ಸಾಲು ರೋಗಿಯ ಬಂಧುಗಳಿಗೆ ಸಾಕಾಗುತ್ತದೆ.

ಸಮ್ಮತಿ

ಚಿಕಿತ್ಸೆಗೆ ನೀಡಿದ ಸಮ್ಮತಿ ಪ್ರಕಟಣೆಗೆ ನೀಡಿದ ಸಮ್ಮತಿಯಲ್ಲ. ಬೋಧನೆಗಾಗಿ ಚಿತ್ರ ತೆಗೆಯಲು ಒಪ್ಪಿದವರು ಅದನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಲು ಒಪ್ಪಿದ್ದಾರೆಂದು ತಿಳಿಯುವಂತಿಲ್ಲ. ಸಮ್ಮತಿಯು ಅರ್ಥವುಳ್ಳದ್ದಾಗಬೇಕಾದರೆ, ಚಿತ್ರ ಎಲ್ಲಿ ಪ್ರಕಟವಾಗುತ್ತದೆ, ಯಾರೆಲ್ಲ ನೋಡಬಲ್ಲರು, ಒಮ್ಮೆ ಹರಡಿದ ಮೇಲೆ ಹಿಂದಕ್ಕೆ ಪಡೆಯುವುದು ಕಷ್ಟ ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ನಿರಾಕರಿಸಿದರೆ ಚಿಕಿತ್ಸೆಗೆ ತೊಂದರೆಯಾಗದೆಂಬ ಭರವಸೆ ಇರಬೇಕು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ತನ್ನ ಜೀವ ಯಾರ ಕೈಯಲ್ಲಿದೆಯೋ ಅವರೇ ಕೇಳಿದಾಗ, ಬೇಡ ಎನ್ನುವ ಧೈರ್ಯ ಹೆಚ್ಚಿನವರಿಗೆ ಇರುವುದಿಲ್ಲ. ಮಕ್ಕಳು, ಪ್ರಜ್ಞೆಯಿಲ್ಲದವರು, ಮಾನಸಿಕ ಅಸ್ವಸ್ಥರು ಮತ್ತು ಮೃತಪಟ್ಟವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ಕಾನೂನು ಮತ್ತು ನಿಯಮಗಳು

2002ರ ನೀತಿ ನಿಯಮಗಳು

ಭಾರತೀಯ ವೈದ್ಯಕೀಯ ಪರಿಷತ್ತು ರೂಪಿಸಿದ ವೃತ್ತಿ ನಡತೆ, ಶಿಷ್ಟಾಚಾರ ಮತ್ತು ನೀತಿ ನಿಯಮಗಳು 2002ರಲ್ಲಿ ಜಾರಿಗೆ ಬಂದವು. ಆಗ ಈಗಿನ ಸಾಮಾಜಿಕ ಜಾಲತಾಣಗಳಿರಲಿಲ್ಲ. ಆದರೂ ಅವುಗಳ ತತ್ವ ಇಂದಿಗೂ ಅನ್ವಯಿಸುತ್ತದೆ. 7.14ನೆಯ ನಿಯಮದ ಪ್ರಕಾರ ವೃತ್ತಿಯ ಮೂಲಕ ತಿಳಿದ ರೋಗಿಯ ಗುಟ್ಟನ್ನು ವೈದ್ಯರು ಹೊರಗೆಡವಬಾರದು. ನ್ಯಾಯಾಧೀಶರ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ ಮತ್ತು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳು ಇದಕ್ಕೆ ಅಪವಾದ. 7.17ನೆಯ ನಿಯಮವು, ಗುರುತು ಸಿಗುವಂತೆ ರೋಗಿಯ ಚಿತ್ರವನ್ನಾಗಲಿ ಪ್ರಕರಣದ ವರದಿಯನ್ನಾಗಲಿ ಅನುಮತಿಯಿಲ್ಲದೆ ವೈದ್ಯಕೀಯ ಅಥವಾ ಇತರ ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. 7.11ನೆಯ ನಿಯಮವು ಸ್ವಂತ ಪ್ರಚಾರಕ್ಕೆ ಎಡೆಕೊಡುವ ಲೇಖನ ಮತ್ತು ಸಂದರ್ಶನಗಳನ್ನು ತಡೆಯುತ್ತದೆಯಾದರೂ ಸಾರ್ವಜನಿಕ ಆರೋಗ್ಯದ ಬಗ್ಗೆ ಸ್ವಂತ ಹೆಸರಿನಲ್ಲಿ ಬರೆಯಲು, ಉಪನ್ಯಾಸ ನೀಡಲು ಅವಕಾಶ ಕೊಡುತ್ತದೆ.

2023ರ ನಿಯಮಗಳು ಮತ್ತು ಅವುಗಳ ತಡೆ

ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊಸ ವೃತ್ತಿ ನಡತೆ ನಿಯಮಗಳನ್ನು ಅಧಿಸೂಚಿಸಿತು. ಅದರಲ್ಲಿ ಸಾಮಾಜಿಕ ಜಾಲತಾಣಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಇತ್ತು. ಹಂಚುವ ಮಾಹಿತಿ ಸತ್ಯವೂ ಪರಿಶೀಲನೆಗೆ ಸಿಗುವಂಥದ್ದೂ ಆಗಿರಬೇಕು, ಸಾರ್ವಜನಿಕ ವೇದಿಕೆಯಲ್ಲಿ ರೋಗಿಯ ಚಿಕಿತ್ಸೆಯನ್ನು ಚರ್ಚಿಸಬಾರದು, ಔಷಧ ಸೂಚಿಸಬಾರದು, ರೋಗಿಗಳ ಚಿತ್ರ ಹಾಗೂ ಸ್ಕ್ಯಾನ್ ಪ್ರತಿಗಳನ್ನು ಹಾಕಬಾರದು, ಹಣ ಕೊಟ್ಟು ಲೈಕ್ ಮತ್ತು ಅನುಯಾಯಿಗಳನ್ನು ಕೊಳ್ಳಬಾರದು, ರೋಗಿಗಳಿಂದ ಪ್ರಶಂಸೆಯ ಮಾತುಗಳನ್ನು ಕೇಳಿ ಹಂಚಬಾರದು, ಗುಣಮುಖರಾದವರ ಚಿತ್ರವನ್ನಾಗಲಿ ಶಸ್ತ್ರಚಿಕಿತ್ಸೆಯ ಬೆರಗು ಹುಟ್ಟಿಸುವ ವೀಡಿಯೊಗಳನ್ನಾಗಲಿ ಪ್ರದರ್ಶಿಸಬಾರದು ಎಂಬುದು ಅದರ ಸಾರ. ಶೈಕ್ಷಣಿಕ ಮಾಹಿತಿ ಹಂಚಲು ಅನುಮತಿ ಇತ್ತು, ಆದರೆ ಅದು ವೈದ್ಯರ ಪರಿಣತಿಯ ವ್ಯಾಪ್ತಿಯೊಳಗೇ ಇರಬೇಕಿತ್ತು.

ಬ್ರಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರನ್ನೇ ಬರೆಯಬೇಕೆಂಬುದೂ ಸೇರಿದಂತೆ ಈ ನಿಯಮಾವಳಿಯ ಹಲವು ಅಂಶಗಳಿಗೆ ವೈದ್ಯರ ಸಂಘಗಳು ವಿರೋಧ ವ್ಯಕ್ತಪಡಿಸಿದವು. ಅದೇ ತಿಂಗಳ 23ರಂದು ಆಯೋಗವು ಇಡೀ ನಿಯಮಾವಳಿಯನ್ನು ತಡೆಹಿಡಿದು 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. ಹೀಗಾಗಿ ಜಾಲತಾಣ ಕುರಿತ ಆ ಮಾರ್ಗಸೂಚಿಯನ್ನು ಕಾನೂನಿನ ಬಲವುಳ್ಳ ನಿಯಮವೆಂದು ಉಲ್ಲೇಖಿಸುವುದು ತಪ್ಪಾಗುತ್ತದೆ. ಆದರೆ ವೃತ್ತಿಯು ಯಾವ ನಡತೆಯನ್ನು ನಿರೀಕ್ಷಿಸುತ್ತದೆಂಬುದನ್ನು ತಿಳಿಯಲು ಅದು ಉಪಯುಕ್ತ.

ಗೋಪ್ಯತೆಯ ಹಕ್ಕು ಮತ್ತು ದತ್ತಾಂಶ ಕಾಯ್ದೆ

ಗೋಪ್ಯತೆಯು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಬೆಂಗಳೂರಿನಲ್ಲಿ ನೆಲೆಸಿದ್ದ, ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿಸಲಾಗಿದೆ. ಮಾಹಿತಿಯನ್ನು ಸುರಕ್ಷಿತವಾಗಿಡಲು ತಕ್ಕ ಕ್ರಮ ಕೈಗೊಳ್ಳದ ಸಂಸ್ಥೆಗೆ ಈ ಕಾಯ್ದೆಯಡಿ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ವಿಶೇಷ ಕಾಯ್ದೆಗಳು

ಕೆಲವು ಬಗೆಯ ಮಾಹಿತಿಗೆ ಪ್ರತ್ಯೇಕ ರಕ್ಷಣೆ ಇದೆ.

• ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ, 2017: ವ್ಯಕ್ತಿಯ ಎಚ್‌ಐವಿ ಸ್ಥಿತಿಯನ್ನು ಆತನ ತಿಳಿವಳಿಕೆಯ ಸಮ್ಮತಿಯಿಲ್ಲದೆ ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ.
• ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017: ಚಿಕಿತ್ಸೆಯಲ್ಲಿರುವವರ ಚಿತ್ರ ಅಥವಾ ಮಾಹಿತಿಯನ್ನು ಅವರ ಸಮ್ಮತಿಯಿಲ್ಲದೆ ಮಾಧ್ಯಮಗಳಿಗೆ ನೀಡುವಂತಿಲ್ಲ. ಡಿಜಿಟಲ್ ರೂಪದ ಮಾಹಿತಿಗೂ ಗೋಪ್ಯತೆ ಅನ್ವಯಿಸುತ್ತದೆ.
• ಪೋಕ್ಸೊ ಕಾಯ್ದೆ, 2012: ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿನ ಗುರುತು ಬಯಲಾಗುವ ಯಾವ ವಿವರವನ್ನೂ ಮಾಧ್ಯಮದಲ್ಲಿ ಪ್ರಕಟಿಸಬಾರದು.
• ಭಾರತೀಯ ನ್ಯಾಯ ಸಂಹಿತೆ, 2023ರ 72ನೆಯ ಕಲಂ: ಅತ್ಯಾಚಾರ ಸಂತ್ರಸ್ತರ ಗುರುತು ಪ್ರಕಟಿಸುವುದು ಶಿಕ್ಷಾರ್ಹ.
• ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ದ 66ಇ ಕಲಂ: ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಅಥವಾ ಹಂಚುವುದು ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.
• ಪ್ರಸವಪೂರ್ವ ಲಿಂಗಪತ್ತೆ ನಿಷೇಧ ಕಾಯ್ದೆ, 1994: ಭ್ರೂಣಲಿಂಗ ಪತ್ತೆಯ ಕುರಿತ ಯಾವುದೇ ಜಾಹೀರಾತು ನಿಷಿದ್ಧ. ಅಂತರಜಾಲವೂ ಇದರ ವ್ಯಾಪ್ತಿಗೆ ಬರುತ್ತದೆ.

ಕರ್ನಾಟಕದ ವೈದ್ಯರ ನೋಂದಣಿ ಮತ್ತು ಶಿಸ್ತು ವಿಚಾರಣೆಯ ಹೊಣೆ ಕರ್ನಾಟಕ ವೈದ್ಯಕೀಯ ಪರಿಷತ್ತಿನದು. ಇದು 1961ರ ಕರ್ನಾಟಕ ವೈದ್ಯಕೀಯ ನೋಂದಣಿ ಕಾಯ್ದೆಯಡಿ ಕೆಲಸ ಮಾಡುತ್ತದೆ. ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಇದರ ಜೊತೆಗೆ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಅನ್ವಯಿಸುತ್ತವೆ.

ಟೆಲಿಮೆಡಿಸಿನ್ ಮತ್ತು ಸಾಮಾಜಿಕ ಜಾಲತಾಣ

ದೂರದಿಂದ ಚಿಕಿತ್ಸೆ ನೀಡುವುದಕ್ಕೂ ಜಾಲತಾಣದಲ್ಲಿ ಸಲಹೆ ನೀಡುವುದಕ್ಕೂ ವ್ಯತ್ಯಾಸವಿದೆ. 2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿಯು ಫೋನ್, ವೀಡಿಯೊ ಹಾಗೂ ವಾಟ್ಸಾಪ್‌ನಂತಹ ಸಂದೇಶ ಸೇವೆಗಳ ಮೂಲಕ ಸಮಾಲೋಚನೆ ನಡೆಸಲು ಅನುಮತಿಸುತ್ತದೆ. ಆದರೆ ವೈದ್ಯರು ಮತ್ತು ರೋಗಿ ಇಬ್ಬರಿಗೂ ಪರಸ್ಪರರ ಗುರುತು ತಿಳಿದಿರಬೇಕು, ವೈದ್ಯರ ನೋಂದಣಿ ಸಂಖ್ಯೆ ರೋಗಿಗೆ ಕಾಣಿಸಬೇಕು, ಸಮಾಲೋಚನೆಯ ದಾಖಲೆ ಇಡಬೇಕು. ಯಾವ ಔಷಧವನ್ನು ಯಾವ ಬಗೆಯ ಸಮಾಲೋಚನೆಯಲ್ಲಿ ಬರೆಯಬಹುದೆಂಬ ಪಟ್ಟಿಗಳಿವೆ. ಮಾದಕ ಮತ್ತು ಮನೋಪರಿಣಾಮಕಾರಿ ಔಷಧಗಳನ್ನು ಈ ವಿಧಾನದಲ್ಲಿ ಬರೆಯುವಂತಿಲ್ಲ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ತಾವೇ ರೋಗಿಗೆ ಸಲಹೆ ನೀಡುವಂತಿಲ್ಲ, ಔಷಧ ಬರೆಯುವಂತಿಲ್ಲ.

ಫೇಸ್‌ಬುಕ್ ಬರಹದ ಕೆಳಗೆ "ಎದೆಯಲ್ಲಿ ಉರಿ, ಏನು ಮಾಡಲಿ?" ಎಂದು ಕೇಳಿದವರಿಗೆ ಗುಳಿಗೆಯ ಹೆಸರು ಬರೆಯುವುದು ಇದಕ್ಕೆ ವ್ಯತಿರಿಕ್ತ. ಕೇಳಿದವರ ವಯಸ್ಸು, ಇತರ ರೋಗಗಳು, ಸೇವಿಸುತ್ತಿರುವ ಔಷಧಗಳು ವೈದ್ಯರಿಗೆ ಗೊತ್ತಿರುವುದಿಲ್ಲ. ಅದೇ ಉರಿ ಕೆಲವರಲ್ಲಿ ಆಮ್ಲತೆಯಾದರೆ ಇನ್ನು ಕೆಲವರಲ್ಲಿ ಹೃದಯಾಘಾತದ ಲಕ್ಷಣ. ಅಲ್ಲದೆ ಆ ಉತ್ತರವನ್ನು ಓದಿದ ಬೇರೆಯವರೂ ಅದನ್ನು ತಮಗೆ ಅನ್ವಯಿಸಿಕೊಳ್ಳುತ್ತಾರೆ. ಇಂಥ ಸಂದರ್ಭದಲ್ಲಿ ತುರ್ತು ಲಕ್ಷಣಗಳಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದು, ಇಲ್ಲದಿದ್ದರೆ ಸಮಾಲೋಚನೆಗೆ ಬರಬೇಕೆಂದು ಸೂಚಿಸುವುದೇ ಸೂಕ್ತ ಉತ್ತರ.

ವಾಟ್ಸಾಪ್ ಗುಂಪುಗಳು

ಆಸ್ಪತ್ರೆಗಳ ವಿಭಾಗಗಳಲ್ಲಿ ಕರ್ತವ್ಯದ ಪಾಳಿ ಹಂಚಲು, ಹಿರಿಯರ ಅಭಿಪ್ರಾಯ ಕೇಳಲು ವಾಟ್ಸಾಪ್ ಗುಂಪುಗಳು ರೂಢಿಯಲ್ಲಿವೆ. ರಾತ್ರಿ ಪಾಳಿಯ ಕಿರಿಯ ವೈದ್ಯರಿಗೆ ಮನೆಯಲ್ಲಿರುವ ತಜ್ಞರ ಸಲಹೆ ನಿಮಿಷಗಳಲ್ಲಿ ಸಿಗುವುದರಿಂದ ಜೀವ ಉಳಿಯುವುದೂ ಉಂಟು. ಆದ್ದರಿಂದ ಇವುಗಳನ್ನು ಸಂಪೂರ್ಣ ನಿಷೇಧಿಸಬೇಕೆಂಬ ವಾದಕ್ಕೆ ಬೆಂಬಲ ಕಡಿಮೆ. ಅಪಾಯಗಳನ್ನು ಅರಿತು ಬಳಸುವುದೇ ಮುಖ್ಯ.

ವಾಟ್ಸಾಪ್ ಸಂದೇಶಗಳಿಗೆ ಕಳುಹಿಸುವವರಿಂದ ಪಡೆಯುವವರವರೆಗೆ ಗೂಢಲಿಪೀಕರಣದ ರಕ್ಷಣೆ ಇದೆ. ಆದರೆ ಅದು ಸಂದೇಶ ಸಾಗುವ ದಾರಿಯನ್ನು ಮಾತ್ರ ಕಾಯುತ್ತದೆ, ತಲುಪಿದ ಮನೆಯನ್ನು ಕಾಯುವುದಿಲ್ಲ. ಚಿತ್ರಗಳು ಪ್ರತಿಯೊಬ್ಬ ಸದಸ್ಯರ ಮೊಬೈಲ್ ಗ್ಯಾಲರಿಯಲ್ಲಿ ತಾನಾಗಿ ಉಳಿಯಬಹುದು. ಆ ಮೊಬೈಲನ್ನು ಮನೆಯ ಮಕ್ಕಳು ಬಳಸಬಹುದು, ರಿಪೇರಿ ಅಂಗಡಿಗೆ ಕೊಡಬಹುದು. ವಾರ್ಡಿನ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದಿಟ್ಟು ಹೋದರೆ ಮುಂದೆ ಕುಳಿತವರಿಗೆಲ್ಲ ಅದು ಕಾಣುತ್ತದೆ. ಕೆಲಸ ಬಿಟ್ಟುಹೋದವರು ಗುಂಪಿನಲ್ಲೇ ಉಳಿದಿರುತ್ತಾರೆ. ಹೋಲುವ ಹೆಸರಿನ ಬೇರೆ ಗುಂಪಿಗೆ ಸಂದೇಶ ಹೋಗುವುದೂ ಸಾಮಾನ್ಯ. ತಾಂತ್ರಿಕವಾದ ಇನ್ನೊಂದು ಸಮಸ್ಯೆಯೂ ಇದೆ: ಸಾಮಾನ್ಯವಾಗಿ ಚಿತ್ರಗಳನ್ನು ಕುಗ್ಗಿಸಿ ಕಳುಹಿಸುವುದರಿಂದ ಎಕ್ಸ್‌ರೇಯ ಸೂಕ್ಷ್ಮ ಬಿರುಕು ಕಾಣದೆ ಹೋಗಬಹುದು. ಗುಂಪಿನಲ್ಲಿ ದೊರೆತ ಸಲಹೆಯನ್ನು ಕೇಸ್ ಶೀಟಿನಲ್ಲಿ ದಾಖಲಿಸದಿದ್ದರೆ ಮುಂದಿನ ಪಾಳಿಯವರಿಗೆ ಅದು ತಿಳಿಯುವುದಿಲ್ಲ.

ಜಾಹೀರಾತು ಮತ್ತು ಆರೋಗ್ಯ ಮಾಹಿತಿ

ಆರೋಗ್ಯ ಮಾಹಿತಿ ಹಂಚುವುದಕ್ಕೂ ಸ್ವಂತ ಪ್ರಚಾರಕ್ಕೂ ನಡುವಿನ ಗೆರೆ ಜಾಲತಾಣದಲ್ಲಿ ತೆಳ್ಳಗಾಗುತ್ತದೆ. ಡೆಂಗ್ಯೂ ಜ್ವರದಲ್ಲಿ ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಏಕೆ ತೆಗೆದುಕೊಳ್ಳಬಾರದು ಎಂದು ವಿವರಿಸುವುದು ಮಾಹಿತಿ. ತನ್ನ ಚಿಕಿತ್ಸಾಲಯದಲ್ಲಿ ಮಾತ್ರ ಖಚಿತ ಪರಿಹಾರವಿದೆ ಎನ್ನುವುದು ಪ್ರಚಾರ. ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಚಿತ್ರಗಳನ್ನು ಜೋಡಿಸಿ ತೋರಿಸುವುದು ಗೋಪ್ಯತೆ ಮತ್ತು ಪ್ರಚಾರ ಎರಡೂ ದೃಷ್ಟಿಯಿಂದ ಆಕ್ಷೇಪಾರ್ಹ. ಯಶಸ್ವಿಯಾದವು ಮಾತ್ರ ಪ್ರದರ್ಶನಕ್ಕೆ ಬರುವುದರಿಂದ ನೋಡಿದವರಲ್ಲಿ ಸುಳ್ಳು ಭರವಸೆ ಹುಟ್ಟುತ್ತದೆ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಆಗಸ್ಟ್ 10ರಂದು ಆರೋಗ್ಯ ಕ್ಷೇತ್ರದ ಪ್ರಭಾವಿಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅದರಂತೆ ಉತ್ಪನ್ನಗಳನ್ನು ಶಿಫಾರಸು ಮಾಡುವ ಅಥವಾ ಆರೋಗ್ಯದ ಕುರಿತು ಪ್ರತಿಪಾದನೆ ಮಾಡುವ ವೈದ್ಯರು ತಾವು ಅರ್ಹತೆ ಪಡೆದ ವೃತ್ತಿಪರರೆಂದು ತಿಳಿಸಬೇಕು. ಪರಿಣತರೆಂಬಂತೆ ತೋರ್ಪಡಿಸಿಕೊಳ್ಳುವ ಇತರರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲವೆಂದು ಸ್ಪಷ್ಟಪಡಿಸಬೇಕು.

ಕರ್ನಾಟಕದ ಪ್ರಕರಣಗಳು

2024ರ ಫೆಬ್ರವರಿಯಲ್ಲಿ ರಾಜ್ಯದ ಎರಡು ಘಟನೆಗಳು ದೇಶದ ಗಮನ ಸೆಳೆದವು. ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಗುತ್ತಿಗೆ ಆಧಾರದ ವೈದ್ಯರೊಬ್ಬರು ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ, ಶಸ್ತ್ರಚಿಕಿತ್ಸೆ ನಡೆಸುತ್ತಿರುವಂತೆ ನಟಿಸಿ ವಿವಾಹಪೂರ್ವ ಚಿತ್ರೀಕರಣ ಮಾಡಿಸಿದ್ದರು. ವೀಡಿಯೊ ಹರಡಿದ ಬಳಿಕ ಅವರನ್ನು ಸೇವೆಯಿಂದ ತೆಗೆದುಹಾಕಲಾಯಿತು. ಸರ್ಕಾರಿ ಆಸ್ಪತ್ರೆಗಳಿರುವುದು ಜನರ ಆರೋಗ್ಯಕ್ಕಾಗಿಯೇ ಹೊರತು ಸ್ವಂತ ಕೆಲಸಕ್ಕಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಎಕ್ಸ್ ಖಾತೆಯಲ್ಲಿ ತಿಳಿಸಿದರು.

ಇದಾದ ಕೆಲವೇ ದಿನಗಳಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ 38 ವಿದ್ಯಾರ್ಥಿಗಳು ಆಸ್ಪತ್ರೆಯ ಆವರಣದಲ್ಲಿ ಹಾಡುಗಳಿಗೆ ರೀಲ್ಸ್ ಮಾಡಿ ಹಂಚಿದ್ದು ಬೆಳಕಿಗೆ ಬಂದಿತು. ಪದವಿ ಸಮಾರಂಭಕ್ಕಾಗಿ ಇವುಗಳನ್ನು ಮಾಡಲಾಗಿತ್ತೆಂಬ ವಿವರಣೆ ಬಂದಿತಾದರೂ, ಅನುಮತಿ ಪಡೆಯದೆ ಆಸ್ಪತ್ರೆಯೊಳಗೆ ಚಿತ್ರೀಕರಿಸಿದ್ದು ತಪ್ಪೆಂದು ಸಂಸ್ಥೆಯ ಆಡಳಿತ ಹೇಳಿ ಅವರ ಮೇಲೆ ಶಿಸ್ತು ಕ್ರಮ ಕೈಗೊಂಡಿತು.

ಎರಡೂ ಪ್ರಕರಣಗಳಲ್ಲಿ ಚರ್ಚೆಯ ಕೇಂದ್ರ ರೋಗಿಯ ಗುಟ್ಟು ರಟ್ಟಾದದ್ದಲ್ಲ, ಸ್ಥಳದ ಘನತೆ. ನೋವಿನಿಂದ ಬಂದವರು ಮತ್ತು ಅವರ ಮನೆಯವರು ಆಸ್ಪತ್ರೆಯನ್ನು ನೋಡುವ ಕಣ್ಣೇ ಬೇರೆ. ಅಲ್ಲಿ ದಿನವೂ ದುಡಿಯುವವರಿಗೆ ಅದು ನಿತ್ಯದ ಸ್ಥಳವಾಗಿಬಿಡುವುದರಿಂದ ಈ ವ್ಯತ್ಯಾಸ ಮರೆತುಹೋಗುವುದು ಸುಲಭ.

ನಕಲಿ ಖಾತೆ ಮತ್ತು ಡೀಪ್‌ಫೇಕ್

ವೈದ್ಯರ ಮಾತಿಗೆ ಜನ ಬೆಲೆ ಕೊಡುವುದರಿಂದಲೇ ಅವರ ಹೆಸರು ವಂಚಕರಿಗೆ ಬಂಡವಾಳವಾಗುತ್ತದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಪ್ರಸಿದ್ಧ ವೈದ್ಯರ ಮುಖ ಮತ್ತು ಧ್ವನಿಯನ್ನು ಅನುಕರಿಸಿ, ಅವರು ಯಾವುದೋ ಔಷಧವನ್ನು ಹೊಗಳುತ್ತಿರುವಂತೆ ತೋರಿಸುವ ವೀಡಿಯೊಗಳು ಹೆಚ್ಚುತ್ತಿವೆ. ತಮ್ಮ ಹೆಸರು, ಚಿತ್ರ ಮತ್ತು ಸಂಸ್ಥೆಯ ಗುರುತನ್ನು ಹೀಗೆ ದುರ್ಬಳಕೆ ಮಾಡಲಾಗುತ್ತಿದೆ ಎಂದು ಡಾ. ದೇವಿ ಶೆಟ್ಟಿ ಮತ್ತು ನಾರಾಯಣ ಹೃದಯಾಲಯ ದೆಹಲಿ ಹೈಕೋರ್ಟಿನ ಮೊರೆಹೋದಾಗ, 2024ರಲ್ಲಿ ನ್ಯಾಯಾಲಯವು ಅಂಥ ಬಳಕೆಗೆ ಮಧ್ಯಂತರ ತಡೆ ನೀಡಿತು. ವ್ಯಕ್ತಿತ್ವದ ಹಕ್ಕಿನ ರಕ್ಷಣೆಯನ್ನು ವೈದ್ಯರೊಬ್ಬರಿಗೆ ನೀಡಿದ ಗಮನಾರ್ಹ ಆದೇಶಗಳಲ್ಲಿ ಇದೂ ಒಂದು. ಇಲ್ಲಿ ನಷ್ಟ ವೈದ್ಯರ ಕೀರ್ತಿಗೆ ಮಾತ್ರವಲ್ಲ. ನಕಲಿ ವೀಡಿಯೊ ನಂಬಿ ರಕ್ತದೊತ್ತಡದ ಗುಳಿಗೆ ನಿಲ್ಲಿಸಿದ ರೋಗಿಯ ಪ್ರಾಣಕ್ಕೂ ಕುತ್ತು ಬರಬಹುದು.

ಖಾತೆಗಳ ಕಳವು ಇನ್ನೊಂದು ಅಪಾಯ. ವೈದ್ಯರ ವಾಟ್ಸಾಪ್ ಖಾತೆಯನ್ನು ಒಟಿಪಿ ಪಡೆದು ವಶಪಡಿಸಿಕೊಂಡವರು ರೋಗಿಗಳಿಂದ ಹಣ ಕೇಳಬಹುದು. ಇಂಥ ಸೈಬರ್ ವಂಚನೆಗಳನ್ನು ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಿಳಿಸಬಹುದು.

ಟೀಕೆಗಳಿಗೆ ಉತ್ತರ

ರೋಗಿ ಅಥವಾ ಬಂಧುಗಳು ಗೂಗಲ್ ವಿಮರ್ಶೆಯಲ್ಲಿ ದೂರು ಬರೆದಾಗ ವೈದ್ಯರಿಗೆ ಉತ್ತರಿಸುವ ಆತುರ ಸಹಜ. ಆದರೆ "ನೀವು ಬಂದಾಗಲೇ ಸಕ್ಕರೆ ಪ್ರಮಾಣ ಮಿತಿಮೀರಿತ್ತು, ಕುಡಿತ ಬಿಟ್ಟಿರಲಿಲ್ಲ" ಎಂದು ಬರೆದರೆ ಅಲ್ಲೇ ಗೋಪ್ಯತೆ ಮುರಿದಂತೆ. ರೋಗಿ ತನ್ನ ವಿವರವನ್ನು ತಾನೇ ಹೇಳಿಕೊಂಡ ಮಾತ್ರಕ್ಕೆ ವೈದ್ಯರ ಹೊಣೆ ಕಳಚುವುದಿಲ್ಲ. ಪ್ರಕರಣದ ವಿವರಕ್ಕೆ ಹೋಗದೆ, ಆಸ್ಪತ್ರೆಯ ದೂರು ವಿಭಾಗವನ್ನು ಸಂಪರ್ಕಿಸುವಂತೆ ಕೋರುವುದು ಸುರಕ್ಷಿತ ದಾರಿ. ಬೆದರಿಕೆ ಅಥವಾ ಹಲ್ಲೆಗೆ ಪ್ರಚೋದನೆ ಇದ್ದರೆ ಪೊಲೀಸರಿಗೆ ದೂರು ನೀಡಬಹುದು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ರಾಜ್ಯದಲ್ಲಿ 2009ರ ಕಾಯ್ದೆ ಜಾರಿಯಲ್ಲಿದೆ.

ಅಭಿವ್ಯಕ್ತಿ ಮತ್ತು ಖಾಸಗಿ ಬದುಕು

ನಿರ್ಬಂಧಗಳು ಅತಿಯಾದರೆ ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಚೀನಾದ ವುಹಾನ್‌ನ ನೇತ್ರವೈದ್ಯ ಲಿ ವೆನ್‌ಲಿಯಾಂಗ್ 2019ರ ಡಿಸೆಂಬರ್‌ನಲ್ಲಿ ಹೊಸ ಸೋಂಕಿನ ಬಗ್ಗೆ ವೈದ್ಯಕೀಯ ಶಿಕ್ಷಣದ ಸಹಪಾಠಿಗಳ ಗುಂಪಿಗೆ ಸಂದೇಶ ಕಳುಹಿಸಿದ್ದಕ್ಕಾಗಿ ಪೊಲೀಸರ ಛೀಮಾರಿಗೆ ಗುರಿಯಾದರು. 2020ರ ಫೆಬ್ರವರಿಯಲ್ಲಿ ಅದೇ ಸೋಂಕಿನಿಂದ ತೀರಿಕೊಂಡರು. ಭಾರತದಲ್ಲಿ ಕೋವಿಡ್ ಎರಡನೆಯ ಅಲೆಯ ವೇಳೆ, ಆಮ್ಲಜನಕ ಮತ್ತು ಹಾಸಿಗೆಗಳ ಕೊರತೆಯನ್ನು ಜಾಲತಾಣದಲ್ಲಿ ಹೇಳಿಕೊಳ್ಳುವ ನಾಗರಿಕರ ಬಾಯಿ ಮುಚ್ಚಿಸಬಾರದೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 30ರಂದು ಹೇಳಿತು. ಆಸ್ಪತ್ರೆಯ ಕೊರತೆಯನ್ನು ಹೇಳುವುದೂ ರೋಗಿಯ ಗುಟ್ಟನ್ನು ಹೇಳುವುದೂ ಒಂದೇ ಅಲ್ಲ ಎಂಬ ವ್ಯತ್ಯಾಸ ಇಲ್ಲಿ ಮುಖ್ಯ.

ವೈದ್ಯರ ಖಾಸಗಿ ಬದುಕಿನ ಮೇಲೆ ಅತಿಯಾದ ಕಣ್ಗಾವಲಿಗೂ ವಿರೋಧವಿದೆ. ಕಿರಿಯ ಶಸ್ತ್ರಚಿಕಿತ್ಸಕರ ಖಾತೆಗಳನ್ನು ನೋಡಿ, ಈಜುಡುಗೆಯ ಚಿತ್ರಗಳನ್ನೂ ವೃತ್ತಿಗೆ ಒಪ್ಪದವೆಂದು ವರ್ಗೀಕರಿಸಿದ ಅಮೆರಿಕದ ಪ್ರಬಂಧವೊಂದು 2020ರಲ್ಲಿ ಮಹಿಳಾ ವೈದ್ಯರ ತೀವ್ರ ಪ್ರತಿಭಟನೆಗೆ ಗುರಿಯಾಗಿ, ಪ್ರಕಟಿಸಿದ ಪತ್ರಿಕೆಯೇ ಅದನ್ನು ಹಿಂಪಡೆಯಿತು.

ಸುರಕ್ಷಿತ ಬಳಕೆಯ ಕ್ರಮಗಳು

ವಿವಿಧ ಮಾರ್ಗಸೂಚಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಮತ್ತು ಮೇಲಿನ ಚರ್ಚೆಯಿಂದ ಹೊರಡುವ ಕ್ರಮಗಳು ಹೀಗಿವೆ.

• ವೃತ್ತಿಯ ಖಾತೆ ಮತ್ತು ಖಾಸಗಿ ಖಾತೆಯನ್ನು ಬೇರೆಯಾಗಿಡುವುದು. ರೋಗಿಗಳ ಸ್ನೇಹ ಕೋರಿಕೆಯನ್ನು ಖಾಸಗಿ ಖಾತೆಯಲ್ಲಿ ವಿನಯದಿಂದ ನಿರಾಕರಿಸುವುದು.
• ರೋಗಿಯ ಕುರಿತು ಬರೆಯುವ ಮುನ್ನ, ಆತನೋ ಆತನ ಮನೆಯವರೋ ಇದನ್ನು ಓದಿದರೆ ಗುರುತಿಸಬಲ್ಲರೇ ಎಂದು ಕೇಳಿಕೊಳ್ಳುವುದು. ಅನುಮಾನವಿದ್ದರೆ ಪ್ರಕಟಿಸದಿರುವುದು.
• ಬೋಧನೆಗೆ ಬೇಕಾದ ಚಿತ್ರಗಳಿಗೆ ಲಿಖಿತ ಸಮ್ಮತಿ ಪಡೆದು, ಆಸ್ಪತ್ರೆಯ ವ್ಯವಸ್ಥೆಯಲ್ಲೇ ಸಂಗ್ರಹಿಸುವುದು.
• ಗುಂಪುಗಳ ಸದಸ್ಯರ ಪಟ್ಟಿಯನ್ನು ಆಗಾಗ ಪರಿಶೀಲಿಸುವುದು, ಚಿತ್ರಗಳು ತಾನಾಗಿ ಉಳಿಯುವ ಸೌಲಭ್ಯವನ್ನು ನಿಲ್ಲಿಸುವುದು, ಸಲಹೆ ದೊರೆತ ಮೇಲೆ ದಾಖಲೆಗೆ ಸೇರಿಸಿ ಚಿತ್ರವನ್ನು ಅಳಿಸುವುದು.
• ಎರಡು ಹಂತದ ಪರಿಶೀಲನೆ, ಮೊಬೈಲ್ ಲಾಕ್ ಬಳಸುವುದು. ಒಟಿಪಿಯನ್ನು ಯಾರಿಗೂ ಹೇಳದಿರುವುದು.
• ತನ್ನ ಹೆಸರಿನ ನಕಲಿ ಖಾತೆಗಳಿವೆಯೇ ಎಂದು ಹುಡುಕಿ ನೋಡಿ, ಕಂಡುಬಂದರೆ ವೇದಿಕೆಗೂ ಪೊಲೀಸರಿಗೂ ವರದಿ ಮಾಡುವುದು.
• ಪರಿಣತಿಯ ಹೊರಗಿನ ವಿಷಯಗಳಲ್ಲಿ ತೀರ್ಪು ನೀಡದಿರುವುದು. ಔಷಧ ಕಂಪನಿ ಅಥವಾ ಆಸ್ಪತ್ರೆಯಿಂದ ಹಣ ಪಡೆದಿದ್ದರೆ ಅದನ್ನು ತಿಳಿಸುವುದು.
• ಬರೆದದ್ದು ತಪ್ಪೆಂದು ತಿಳಿದಾಗ ಸುಮ್ಮನೆ ಅಳಿಸದೆ ತಿದ್ದುಪಡಿಯನ್ನು ಸ್ಪಷ್ಟವಾಗಿ ಪ್ರಕಟಿಸುವುದು.
• ಕೋಪ, ದಣಿವು ಅಥವಾ ದುಃಖದಲ್ಲಿದ್ದಾಗ ಬರೆದದ್ದನ್ನು ಕೂಡಲೇ ಪ್ರಕಟಿಸದಿರುವುದು.

ಆರೋಗ್ಯ ಮಾಹಿತಿ ಹುಡುಕುವ ಸಾರ್ವಜನಿಕರಿಗೂ ಕೆಲವು ಎಚ್ಚರಿಕೆಗಳು ಉಪಯುಕ್ತ. ವೀಡಿಯೊದಲ್ಲಿರುವವರು ನೋಂದಾಯಿತ ವೈದ್ಯರೇ ಎಂಬುದನ್ನು ರಾಜ್ಯ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೋಂದಣಿ ಪಟ್ಟಿಯಲ್ಲಿ ನೋಡಬಹುದು. ಖಚಿತವಾಗಿ ಗುಣವಾಗುತ್ತದೆ ಎನ್ನುವ, ಕೂಡಲೇ ಹಣ ಕಳುಹಿಸಲು ಹೇಳುವ ಸಂದೇಶಗಳನ್ನು ನಂಬಬಾರದು. ಜಾಲತಾಣದಲ್ಲಿ ಕಂಡ ಸಲಹೆಯ ಮೇರೆಗೆ ಚಿಕಿತ್ಸೆ ನಿಲ್ಲಿಸುವ ಮೊದಲು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳಬೇಕು.

ಇತರ ದೇಶಗಳಲ್ಲಿ

ವಿಶ್ವ ವೈದ್ಯಕೀಯ ಸಂಘವು 2011ರ ಅಕ್ಟೋಬರ್‌ನಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ನಡೆದ ಮಹಾಸಭೆಯಲ್ಲಿ ಸಾಮಾಜಿಕ ಜಾಲತಾಣದ ವೃತ್ತಿಪರ ಹಾಗೂ ನೈತಿಕ ಬಳಕೆಯ ಕುರಿತು ಹೇಳಿಕೆಯನ್ನು ಅಂಗೀಕರಿಸಿತು. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ 2013ರಲ್ಲಿ ವೈದ್ಯರಿಗೆ ಮಾರ್ಗಸೂಚಿ ನೀಡಿ, 2024ರಲ್ಲಿ ಅದನ್ನು ಪರಿಷ್ಕರಿಸಿತು. ಅಮೆರಿಕದಲ್ಲಿ 1996ರ ಹಿಪಾ ಕಾಯ್ದೆ ರೋಗಿಯ ಮಾಹಿತಿಯನ್ನು ರಕ್ಷಿಸುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ನೀತಿ ಸಂಹಿತೆಯಲ್ಲೂ ಜಾಲತಾಣಗಳ ಕುರಿತ ಅಭಿಪ್ರಾಯವಿದೆ. ದೇಶಗಳ ಕಾನೂನುಗಳು ಬೇರೆಬೇರೆಯಾದರೂ ಇವುಗಳಲ್ಲಿ ಸಮಾನವಾದ ತತ್ವ ಒಂದೇ: ಹೊರರೋಗಿ ವಿಭಾಗದ ಬಾಗಿಲು ಮುಚ್ಚಿ ಮಾತನಾಡುವಾಗ ಇರುವ ವೃತ್ತಿಧರ್ಮವೇ ಮೊಬೈಲ್ ಪರದೆಯ ಮುಂದೆಯೂ ಇರಬೇಕು.